ಎಡಗಡೆಯ ಎರಡು ಅಡಿ

ಹುಬ್ಬಳ್ಳಿ-ಧಾರವಾಡಕ್ಕೆ ಇನ್ನೊಂದು ಸೈಕಲ್ ಟ್ರ್ಯಾಕ್ ಬೇಡ. ಇದನ್ನು ಓದಿದರೆ ನನ್ನ ಸೈಕಲ್ ಗೆಳೆಯರೇ ಬೈಯುತ್ತಾರೆ, ಗೊತ್ತು. ಬೈಯಲಿ.

ನನಗೆ ಬೇಕಿರುವುದು ಈಗಿರುವ ರಸ್ತೆಯ ಎಡ ಅಂಚಿನಲ್ಲಿ ಎರಡು ಅಡಿ. ಅದಕ್ಕೆ ಹಸಿರು ಬಣ್ಣ ಬಳಿಯುವುದು ಬೇಡ, ಬೋರ್ಡು ಬೇಡ, ರಿಬ್ಬನ್ ಕತ್ತರಿಸುವುದಂತೂ ಬೇಡವೇ ಬೇಡ. ಆ ಎರಡು ಅಡಿ ಸಮ ಇರಲಿ, ಅದರ ಮೇಲೆ ಮರಳು ಕೂಡದಿರಲಿ, ಕಾರು ನಿಲ್ಲದಿರಲಿ. ಇಷ್ಟಾದರೆ ಸಾಕು.

ಈಚೆಗೆ ಒಂದು ರೋಡ್ ಬೈಕ್ ಕೊಂಡೆ. ಬೈಕ್ ಅಂದ ಕೂಡಲೇ ಪೆಟ್ರೋಲ್ ಗಾಡಿ ಅಂದುಕೊಳ್ಳಬೇಡಿ, ಸೈಕಲ್ಲೇ. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್, ತೆಳ್ಳನೆ ಟೈರು. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಹುಬ್ಬಳ್ಳಿಯ ವಿದ್ಯಾನಗರದ ಮನೆಯಿಂದ ಧಾರವಾಡದ ಸಪ್ತಾಪುರದ ಆಫೀಸಿಗೆ ಈಗ ಅದರಲ್ಲೇ ಹೋಗಿಬರುತ್ತೇನೆ. ಸಿಗ್ನಲ್‌ಗಳು ಕೈ ಹಿಡಿದರೆ ಒಂದು ತಾಸಿನೊಳಗೆ ಮುಟ್ಟುತ್ತೇನೆ.

ಓಣಿಯವರ ಮೊದಲ ಪ್ರಶ್ನೆ, “ಏನ್ರೀ ಸರ, ಗಾಡಿ ರಿಪೇರಿಗೆ ಬಿಟ್ಟೀರೇನು?” ಎರಡನೆಯದು, “ಎಷ್ಟ್ ಬಿತ್ರಿ ಇದಕ್ಕ?” ಬೆಲೆ ಹೇಳಿದರೆ, “ಇಷ್ಟ್ ರೊಕ್ಕದಾಗ ಸೆಕೆಂಡ್ ಹ್ಯಾಂಡ್ ಸ್ಕೂಟಿ ಬರ್ತಿತ್ತಲ್ರೀ” ಅನ್ನುತ್ತಾರೆ. ನಿಜ, ಬರುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ 12 ಪರ್ಸೆಂಟಿನಿಂದ 5ಕ್ಕೆ ಇಳಿದ ಮೇಲೂ ರೋಡ್ ಬೈಕ್ ಅಗ್ಗದ ಸಾಮಾನೇನಲ್ಲ. ಸ್ಟ್ಯಾಂಡ್ ಯಾಕಿಲ್ಲ ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ನೆಟ್ಟನೆಯ ಉತ್ತರ ಇಲ್ಲ. ತೂಕ ಕಡಿಮೆ ಇರಲಿ ಅಂತ ಎಂದರೆ ನನ್ನ ಹೊಟ್ಟೆ ನೋಡಿ ನಗುತ್ತಾರೆ.

ಆದರೆ ಈ ದಾರಿಗೆ ಈ ಸೈಕಲ್ಲೇ ಸರಿ. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡಾಡಲು ಇದು ಯಾಕೆ ಬೇಕು, ಮನೆಯಲ್ಲಿರುವ ಹಳೆಯ ಸೈಕಲ್ ಸಾಕು. ಹುಬ್ಬಳ್ಳಿ-ಧಾರವಾಡದ ಮಾತು ಬೇರೆ. ನಡುವೆ ಸುಮಾರು 20 ಕಿ.ಮೀ. ಇದೆ. ಧಾರವಾಡ ಎತ್ತರದಲ್ಲಿದೆ, ಹೋಗುವಾಗ ಒಟ್ಟಾರೆ ಏರು. ಸತ್ತೂರು, ನವಲೂರು ಬಂದಾಗ ಗೇರ್ ಇಳಿಸಲೇಬೇಕು. ಅದರ ಮೇಲೆ ಗಾಳಿ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಧಾರವಾಡ ಇರುವುದು ಹುಬ್ಬಳ್ಳಿಯ ವಾಯವ್ಯಕ್ಕೆ. ಹಾಗಾಗಿ ಜೂನ್‌ನಿಂದ ಮೂರು ತಿಂಗಳು ಬೆಳಿಗ್ಗೆ ಏರೂ ಎದುರು, ಗಾಳಿಯೂ ಎದುರು. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ, ಅಂದರೆ ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟು. ಬಾಗಿದ ಹ್ಯಾಂಡಲ್ ಇರುವುದು ಇದಕ್ಕೇ. ಕೆಳಗೆ ಹಿಡಿದು ಬೆನ್ನು ಬಗ್ಗಿಸಿದರೆ ಎದೆಗೆ ಹೊಡೆಯುವ ಗಾಳಿ ತಲೆಯ ಮೇಲಿಂದ ಹೋಗುತ್ತದೆ. ಸಂಜೆ ಅದೇ ಗಾಳಿ ಬೆನ್ನಿಗೆ ಬಂದು ಮನೆವರೆಗೆ ತಳ್ಳಿಕೊಂಡು ಬರುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಶುರುವಾದರೆ ಈ ಲೆಕ್ಕ ಪೂರ್ತಿ ಉಲ್ಟಾ. ಆಫೀಸಿನಲ್ಲಿ ದಣಿದು ಬಂದವನಿಗೆ ಅದರಷ್ಟು ಬೇಜಾರಿನ ಸಂಗತಿ ಇನ್ನೊಂದಿಲ್ಲ.

ಇನ್ನು ಟೈರಿನ ವಿಷಯ. ನನ್ನ ಮಾತಿನ ತಿರುಳು ಇರುವುದು ಇಲ್ಲೇ.

ನನ್ನ ಸೈಕಲ್ಲಿನ ಟೈರು 28 ಮಿ.ಮೀ., ಒಂದು ಇಂಚು ಚಿಲ್ಲರೆ ಅಗಲ. ಗಾಳಿಯ ಒತ್ತಡ 80 ಪಿಎಸ್‌ಐ. ನಿಮ್ಮ ಮೋಟರ್ ಸೈಕಲ್ಲಿಗೆ ಹಾಕುವುದು ಸುಮಾರು 30. ಇಷ್ಟು ಗಟ್ಟಿ ಟೈರಿನ ಮೇಲೆ ಕೂತರೆ ರಸ್ತೆಯ ಒಂದು ಹರಳೂ ಬಿಡದೆ ಕೈಗೆ ಗೊತ್ತಾಗುತ್ತದೆ. ಕಾರಿನಲ್ಲಿ, ಸ್ಕೂಟರಿನಲ್ಲಿ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದ ರಸ್ತೆ ಇದು. ನುಣ್ಣಗಿದೆ ಅಂತಲೇ ಎಲ್ಲರ ಅಭಿಪ್ರಾಯ. ನಡುವೆ ನುಣ್ಣಗಿರುವುದು ನಿಜ. ಆದರೆ ಸೈಕಲ್ಲು ನಡುವೆ ಹೋಗುವುದಿಲ್ಲವಲ್ಲ.

ಪಿ.ಬಿ. ರಸ್ತೆಯ, ಅಂದರೆ ಇದೇ ಹುಬ್ಬಳ್ಳಿ-ಧಾರವಾಡ ರಸ್ತೆಯ ನಟ್ಟನಡುವೆ ಚಿಗರಿಯ ಲೇನ್. 2018ರ ಅಕ್ಟೋಬರ್‌ನಲ್ಲಿ ಬಸ್ಸು ಪ್ರಾಯೋಗಿಕವಾಗಿ ಓಡತೊಡಗಿದವು, 2020ರ ಫೆಬ್ರವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟಿಸಿದರು. ಒಳ್ಳೆಯ ಸೇವೆ, ನಾನೂ ಹತ್ತುತ್ತೇನೆ, ಮಳೆ ಜೋರಾದರೆ ಈಗಲೂ ಅದೇ ಗತಿ. ಆ ಲೇನಿನಲ್ಲಿ ಬೇರೆ ಯಾರೂ ಹೋಗುವ ಹಾಗಿಲ್ಲ, ಹೋಗಲೂ ಬಾರದು. ಅದರ ಪಕ್ಕದ ಲೇನಿನಲ್ಲಿ ಕಾರು, ಲಾರಿ, ಟಂಟಂ, ಆಟೊ, ಬುಲೆಟ್ಟು ಎಲ್ಲ ಸೇರಿ ಓಡುತ್ತವೆ. ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದುಕೊಂಡ ಮೇಲೆ ಕೊನೆಗೆ ಉಳಿಯುವ ಚೂರೇ ಸೈಕಲ್ಲಿನದು. ರಸ್ತೆ ಅಗಲ ಮಾಡುವಾಗ ದಂಡೆಯ ದೊಡ್ಡ ಮರಗಳೂ ಹೋದವು. ಏಪ್ರಿಲ್ ತಿಂಗಳ ಸಂಜೆ ಐದಕ್ಕೆ ರಾಯಾಪುರದ ಹತ್ತಿರ ನೆರಳಿಗೆ ನಿಲ್ಲಬೇಕೆಂದರೆ ಬಸ್ ನಿಲ್ದಾಣವೇ ಗತಿ.

ಆ ಉಳಿದ ಚೂರಿನಲ್ಲಿ ಏನಿದೆ ಕೇಳಿ. ಮೊದಲು ಮರಳು. ಟಿಪ್ಪರುಗಳಿಂದ ಉದುರಿದ್ದು, ಚಕ್ರಗಳ ಗಾಳಿಗೆ ಸರಿದು ಸರಿದು ಎಡಕ್ಕೇ ಬಂದು ಕೂಡುತ್ತದೆ. ಆಮೇಲೆ ಗಾಜಿನ ಚೂರು. ಆಮೇಲೆ ತಂತಿ. ಲಾರಿ ಟೈರು ಒಡೆದಾಗ ಒಳಗಿನ ಕೂದಲೆಳೆಯಂಥ ಉಕ್ಕಿನ ತಂತಿ ರಸ್ತೆಗೆ ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಟೈರಿಗೆ ಮಾತ್ರ ಸಿಗುತ್ತದೆ. ನಮ್ಮ ಕಡೆಯ ಜಾಲಿಮುಳ್ಳಿಗೆ ಪಂಕ್ಚರ್ ಆದರೆ ಬೆರಳಾಡಿಸಿ ಮುಳ್ಳು ಹುಡುಕಬಹುದು. ಈ ತಂತಿ ಹುಡುಕಲು ಟೈರನ್ನು ಬಿಸಿಲಿಗೆ ಹಿಡಿದು ಒಳಗಿನಿಂದ ಇಂಚಿಂಚು ನೋಡಬೇಕು. ಬಿಟ್ಟರೆ ಹೊಸ ಟ್ಯೂಬೂ ಮರುದಿನ ಹೋಗುತ್ತದೆ.

ಹೋದರೆ ಇನ್ನೊಂದು ಫಜೀತಿ. ರೋಡ್ ಬೈಕಿನ ಟ್ಯೂಬಿಗೆ ಇರುವುದು ಪ್ರೆಸ್ಟಾ ವಾಲ್ವು. ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದಪ್ಪ, ತುದಿಯಲ್ಲಿ ಸಣ್ಣ ತಿರುಪು. ಅದನ್ನು ಸಡಿಲಿಸದೆ ಗಾಳಿ ಒಳಗೆ ಹೋಗುವುದಿಲ್ಲ. ಪಂಕ್ಚರ್ ಅಂಗಡಿಯ ಪೈಪು ಅದಕ್ಕೆ ಕೂಡುವುದಿಲ್ಲ. ಉಣಕಲ್ ಹತ್ತಿರದ ಅಂಗಡಿಯ ಅಜ್ಜ ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, “ಇದೇನ್ ಸೈಕಲ್ಲೋ ಆಸ್ಪತ್ರಿ ಸಾಮಾನೋ?” ಅಂದ. ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಸಿಗುತ್ತದೆ, ತೀರಾ ಅಗ್ಗ. ರೋಡ್ ಬೈಕ್ ಕೊಳ್ಳುವವರು ಹೆಲ್ಮೆಟ್ಟಿಗಿಂತ ಮೊದಲು ಅದನ್ನು ಕೊಳ್ಳಿ. ತಮಾಷೆಗೆ ಹೇಳಿದೆ, ಹೆಲ್ಮೆಟ್ಟೇ ಮೊದಲು.

ಇವೆಲ್ಲಕ್ಕಿಂತ ನನಗೆ ಹೆದರಿಕೆ ಇರುವುದು ಚರಂಡಿಯ ಜಾಲರಿಗೆ. ಮಳೆನೀರು ಇಳಿಯಲಿ ಅಂತ ರಸ್ತೆಯಂಚಿನಲ್ಲಿ ಕಬ್ಬಿಣದ ಜಾಲರಿ ಕೂಡಿಸಿರುತ್ತಾರಲ್ಲ, ಕೆಲವು ಕಡೆ ಅದರ ಸರಳುಗಳು ರಸ್ತೆಯ ಉದ್ದಕ್ಕೆ ಇವೆ. ಸರಳುಗಳ ನಡುವಿನ ಸಂದು ಒಂದೂವರೆ ಇಂಚು. ನನ್ನ ಟೈರು ಒಂದು ಇಂಚು ಚಿಲ್ಲರೆ. ಮುಂದಿನ ಗಾಲಿ ಅದರಲ್ಲಿ ಇಳಿದರೆ ಸೈಕಲ್ ಅಲ್ಲೇ ನಿಲ್ಲುತ್ತದೆ, ಸವಾರ ಮುಂದೆ ಹೋಗುತ್ತಾನೆ. ಅದೇ ಸರಳುಗಳನ್ನು ರಸ್ತೆಗೆ ಅಡ್ಡಲಾಗಿ ಕೂಡಿಸಿದರೆ ನೀರೂ ಇಳಿಯುತ್ತದೆ, ಗಾಲಿಯೂ ದಾಟುತ್ತದೆ. ಒಂದು ಪೈಸೆ ಹೆಚ್ಚಿಗೆ ಖರ್ಚಿಲ್ಲ. ಜಾಲರಿ ಕೂಡಿಸಿದವರು ಸೈಕಲ್ ಹೊಡೆಯುವವರಾಗಿದ್ದರೆ ಯಾರೂ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಕಾಂಕ್ರೀಟ್ ರಸ್ತೆಯಲ್ಲಿ ಎರಡು ಹಾಸಿನ ನಡುವಿನ ಸೀಳೂ ಇದೇ ಜಾತಿಯದು. ಡಾಂಬರು ಹೊಸದಾಗಿ ಹಾಕಿ ಅಂಚಿನಲ್ಲಿ ನಾಲ್ಕು ಇಂಚು ಮೆಟ್ಟಿಲು ಬಿಡುವುದಂತೂ ನಮ್ಮಲ್ಲಿ ಮಾಮೂಲು. ಹಿಂದಿನಿಂದ ಹಾರ್ನ್ ಕೇಳಿ ಆ ಮೆಟ್ಟಿಲು ಇಳಿದಿರೋ, ಮತ್ತೆ ಮೇಲೆ ಹತ್ತಲು ಪೂರ್ತಿ ನಿಲ್ಲಬೇಕು.

ಈಗ ನೀವು ಕೇಳಬಹುದು. ಯಾರೋ ಶೋಕಿಗೆ ಐವತ್ತು ಸಾವಿರದ ಸೈಕಲ್ ತಗೊಂಡ, ಅವನ ತೆಳ್ಳನೆ ಟೈರಿಗಾಗಿ ಊರು ರಸ್ತೆ ಸರಿ ಮಾಡಬೇಕಾ?

ನನಗಾಗಿ ಬೇಡ. ಬೆಳಿಗ್ಗೆ ಆರೂವರೆಗೆ ನವಲೂರು ಹತ್ತಿರ ನಿಂತು ನೋಡಿ. ಪೇರಲದ ಹಂಗಾಮಿನಲ್ಲಿ ಹಿಂದೆ ಬುಟ್ಟಿ ಕಟ್ಟಿಕೊಂಡು ಬರುವವರು, ಹಾಲಿನ ಕ್ಯಾನ್ ತೂಗಿಸಿಕೊಂಡವರು, ಪೇಪರ್ ಹುಡುಗರು, ಕಟ್ಟಡ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೊರಟ ಗೌಂಡಿಗಳು, ಎಪಿಎಂಸಿ ಕಡೆ ಹೊರಟ ಹಮಾಲರು. ಇವರಲ್ಲಿ ಒಬ್ಬರೂ ಆರೋಗ್ಯಕ್ಕಾಗಲೀ ಪರಿಸರಕ್ಕಾಗಲೀ ಸೈಕಲ್ ಹೊಡೆಯುತ್ತಿಲ್ಲ. ಕೆಲಸಕ್ಕೆ ಹೋಗಬೇಕು, ದಿನಾ ಬಸ್ಸಿಗೆ ಕೊಡುವ ರೊಕ್ಕ ಉಳಿಯಬೇಕು. ಅವರ ಸೈಕಲ್ಲು ಬಹಳಷ್ಟು ಅದೇ ಕರಿ ಅಟ್ಲಾಸ್, ಹೀರೊ. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು, ಅಂದೇ ವಿಶ್ವ ಸೈಕಲ್ ದಿನ. ಸೈಕಲ್ಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ, ಓಡುತ್ತಲೇ ಇವೆ. ಅವುಗಳ ಟೈರು ಒಂದೂವರೆ ಇಂಚು. ಜಾಲರಿಯಲ್ಲಿ ಸಿಕ್ಕಿಕೊಳ್ಳುವುದು ಅಪರೂಪ, ಆದರೆ ಮರಳಲ್ಲಿ ಜಾರುತ್ತವೆ, ಮೆಟ್ಟಿಲಲ್ಲಿ ವಾಲುತ್ತವೆ. ಹಿಂದೆ ನಲವತ್ತು ಕಿಲೋ ಹೊರೆ ಇದ್ದವನು ಬಿದ್ದರೆ ಅವತ್ತಿನ ಪಗಾರವೂ ಬಿದ್ದ ಹಾಗೆ. ಇದನ್ನೆಲ್ಲ ಅವರು ಯಾರ ಮುಂದೆ ಹೇಳಬೇಕು? ನನಗೆ ಫೇಸ್‌ಬುಕ್ ಇದೆ, ಬಿಡುವು ಇದೆ, ಬರೆಯುತ್ತಿದ್ದೇನೆ.

ಇನ್ನೊಂದು ನೋಡಿದ್ದೇನೆ, ಹೇಳಲು ನಾಚಿಕೆ ಆಗುತ್ತದೆ. ಹೆಲ್ಮೆಟ್ಟು, ಕಣ್ಣಿಗೆ ಗ್ಲಾಸು, ಮೈಗಂಟಿದ ಬಣ್ಣದ ಜರ್ಸಿ ಹಾಕಿಕೊಂಡು ಹೋಗುವ ನನಗೆ ಕಾರಿನವರು ಸ್ವಲ್ಪ ಜಾಗ ಬಿಟ್ಟು ಹೋಗುತ್ತಾರೆ. ಕೆಲವರು ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ನನ್ನ ಮುಂದೆಯೇ ಹೋಗುತ್ತಿದ್ದ ಲುಂಗಿಯ ಯಜಮಾನರಿಗೆ ಅದೇ ಕಾರು ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆದಿರುತ್ತದೆ. ಇಬ್ಬರೂ ಸೈಕಲ್ಲೇ, ಇಬ್ಬರೂ ಎಡಕ್ಕೇ ಇದ್ದೆವು. ನನ್ನದು ಹವ್ಯಾಸ ಅಂತ ಮರ್ಯಾದೆ, ಅವರದು ಬಡತನ ಅಂತ ಹಾರ್ನು.

ಟ್ರ್ಯಾಕ್ ವಿಷಯಕ್ಕೆ ಬರುತ್ತೇನೆ. ಶಿರೂರ ಪಾರ್ಕ್ ರಸ್ತೆಯನ್ನು ಟೆಂಡರ್ ಶ್ಯೂರ್ ಮಾದರಿಯಲ್ಲಿ, ಅಂದರೆ ಫುಟ್‌ಪಾತ್, ಸೈಕಲ್ ದಾರಿ ಬೇರೆ ಬೇರೆ ಬಿಟ್ಟು, ಚೆಂದವಾಗಿ ಮಾಡಿದರು. ಉಣಕಲ್ ನಾಲಾ ಗುಂಟ ಹಸಿರು ಕಾರಿಡಾರ್ ಅಂತ ಕೆಲಸ ನಡೆಯಿತು. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಬಾಡಿಗೆ ಸೈಕಲ್ ನಿಲ್ದಾಣಗಳೂ ಬಂದವು. ಇವು ಕೆಟ್ಟವು ಅಂತ ನಾನು ಹೇಳುವುದಿಲ್ಲ. ಸಂಜೆ ಮಕ್ಕಳಿಗೆ ಸೈಕಲ್ ಕಲಿಸಲು, ವಾಕಿಂಗಿಗೆ ಬಹಳ ಒಳ್ಳೆಯವು. ಆದರೆ ಹಮಾಲನೊಬ್ಬ ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವು ಬರುವುದೇ ಇಲ್ಲ. ಟ್ರ್ಯಾಕ್ ಎಲ್ಲೋ ಶುರುವಾಗಿ ಎಲ್ಲೋ ಮುಗಿಯುತ್ತದೆ. ಮುಗಿದ ಕೂಡಲೇ ಮತ್ತೆ ಅದೇ ಮರಳು, ಅದೇ ಜಾಲರಿ. ಸೈಕಲ್ಲಿಗೆ ಅಂತ ಬಿಟ್ಟ ಜಾಗದ ಮೇಲೆ ಕಾರು ನಿಲ್ಲುವುದನ್ನು ಬೇರೆ ಹೇಳಬೇಕಿಲ್ಲ. ಟ್ರ್ಯಾಕ್ ಆದಮೇಲೆ ಇನ್ನೊಂದು ತೊಂದರೆಯೂ ಇದೆ. “ನಿಮಗ ಅಲ್ಲಿ ಮಾಡಿಕೊಟ್ಟಾರಲ್ಲ, ಇಲ್ಯಾಕ ಬರ್ತೀರಿ” ಅನ್ನುತ್ತಾರೆ.

ಬೈಪಾಸಿನಲ್ಲಿ ಹೋಗಬಾರದಾ ಎಂದು ಒಬ್ಬರು ಕೇಳಿದರು. ಬೆಳಗಿನ ಜಾವ ಅಲ್ಲಿ ಗುಂಪಾಗಿ ಹೋಗುವವರಿದ್ದಾರೆ. ನಾನು ಹೋಗುವುದಿಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನಕ್ಕೆ ಆದ ಅಪಘಾತವನ್ನು ಈ ಕಡೆಯವರು ಯಾರೂ ಮರೆತಿಲ್ಲ.

ನಮ್ಮ ಭಾಗಕ್ಕೆ ಸೈಕಲ್ ಹೊಸದೇನಲ್ಲ, ಅದೇ ಆಶ್ಚರ್ಯ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆಯ ಹೆಸರು ಸೈಕ್ಲಿಂಗ್ ಗೊತ್ತಿರುವವರಿಗೆಲ್ಲ ಗೊತ್ತು. ಅವರೆಲ್ಲ ತಯಾರಾಗಿದ್ದು ಯಾವ ಟ್ರ್ಯಾಕಿನ ಮೇಲೆ ಅಂದುಕೊಂಡಿರಿ? ಬಹುತೇಕ ಹೆದ್ದಾರಿಯ ಎಡ ಅಂಚಿನಲ್ಲೇ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಹೈಸ್ಕೂಲಿಗೆ ಬಂದದ್ದೂ ಅದೇ ಅಂಚಿನಲ್ಲಿ. ಕೋವಿಡ್ ಆದಮೇಲೆ ಆ ಸೈಕಲ್ಲೂ ನಿಂತವು. ಅದರ ಬಗ್ಗೆ ಬರೆದರೆ ಇನ್ನೊಂದು ಬರಹವೇ ಆದೀತು.

ಆಫೀಸಿನಲ್ಲಿ ಬೆವರು ಏನು ಮಾಡುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಒಂದು ಬಕೆಟ್ ನೀರು, ಒಂದು ಟವೆಲ್, ಡ್ರಾಯರಿನಲ್ಲಿ ಎರಡು ಶರ್ಟು. ಮುಗಿಯಿತು. ಧಾರವಾಡದ ಹವಾ ಅಷ್ಟು ಕ್ರೂರಿ ಅಲ್ಲ.

ನಮ್ಮ ಓಣಿಯ ತಿರುವಿನಲ್ಲಿ ಇಂಥವೇ ಎರಡು ಜಾಲರಿಗಳಿದ್ದವು. ಅರ್ಜಿ ಕೊಟ್ಟಿದ್ದೆವು, ಅದು ಎಲ್ಲಿ ಕೂತಿದೆಯೋ ಏನೋ. ಕಡೆಗೆ ಅರ್ಜಿ ತಗೊಂಡವರಿಗೆ ಫೋನ್ ಮಾಡಿ, “ನಾವೇ ಮಾಡ್ತೀವ್ರಿ” ಅಂದೆವು. “ಮಾಡ್ರಿ” ಅಂದರು. ಒಂದು ಭಾನುವಾರ ನಾಲ್ಕು ಜನ ಸೇರಿ ಹಾರಿ ಹಾಕಿ ಎಬ್ಬಿಸಿದೆವು. ಒಂದು ಚೌಕ ಇತ್ತು, ತಿರುಗಿಸಿ ಅಡ್ಡ ಇಟ್ಟೆವು, ಹಾಗೇ ಕೂತಿತು. ಕಾಲು ತಾಸಿನ ಕೆಲಸ. ಇನ್ನೊಂದು ಉದ್ದಕ್ಕಿದೆ, ತಿರುಗಿಸಿದರೆ ಕೂಡುವುದಿಲ್ಲ. ಮೇಲೆ ಅಡ್ಡಡ್ಡ ಪಟ್ಟಿ ವೆಲ್ಡ್ ಮಾಡಬೇಕು. ವೆಲ್ಡಿಂಗ್ ಅಂಗಡಿಯವನು ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಅಂದಿದ್ದಾನೆ. ಪಟ್ಟಿಯ ರೊಕ್ಕ ಕೊಡಿ, ಕೂಲಿ ಬೇಡ ಅಂದ, ಅವನೂ ಸೈಕಲ್ಲಿನವನೇ. ಒಂದೇ ಸಮಸ್ಯೆ, ಅಲ್ಲಿಗೆ ಕರೆಂಟ್ ಎಳೆಯಲು ಉದ್ದ ವೈರು ಬೇಕು. ವಿದ್ಯಾನಗರದ ಕಡೆ ಯಾರ ಹತ್ತಿರವಾದರೂ ಮೂವತ್ತು ಮೀಟರಿನ ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ತಿಳಿಸಿ. ಶನಿವಾರ ಸಂಜೆ ನಾನೇ ಬಂದು ತಗೊಂಡು ಹೋಗುತ್ತೇನೆ. ಸೈಕಲ್ಲಿಗೆ ಕ್ಯಾರಿಯರ್ ಇಲ್ಲ, ಹೆಗಲಿಗೆ ಹಾಕಿಕೊಂಡು ಬಂದರಾಯಿತು.