ಒಣ ಬಾತ್‌ರೂಮು, ಒದ್ದೆ ಬಚ್ಚಲು

ಅಮೆರಿಕದ ನ್ಯೂಜೆರ್ಸಿಯ ಹಳೆಯ ಮನೆಗಳಲ್ಲಿ ಬಾತ್‌ರೂಮು ಹೆಚ್ಚುಕಮ್ಮಿ 5 ಅಡಿ ಅಗಲ, 8 ಅಡಿ ಉದ್ದ ಇರುತ್ತದೆ. ಮೈಸೂರಿನ 30×40 ಸೈಟಿನ ಮನೆಯಲ್ಲೂ ಬಚ್ಚಲಿನ ಅಳತೆ ಸುಮಾರು ಅಷ್ಟೇ. ಆದರೆ ಒಂದರ ನೆಲ ಒಣಗಿಯೇ ಇರಲಿ ಅಂತ ಕಟ್ಟಿದ್ದು, ಇನ್ನೊಂದರ ನೆಲ ಒದ್ದೆಯಾಗಲಿ ಅಂತಲೇ ಕಟ್ಟಿದ್ದು. ಇಲ್ಲಿ, ನ್ಯೂಜೆರ್ಸಿಯಲ್ಲಿ, ಟಬ್ಬಿನ ಆಚೆ ನೆಲದಲ್ಲಿ ನೀರು ಹೋಗುವ ಜಾಲಿಯೇ ಇರುವುದಿಲ್ಲ. ಎರಡು ಚೊಂಬು ನೀರು ಚೆಲ್ಲಿ ಹಾಗೇ ಬಿಟ್ಟರೆ ಅದು ಹಲಗೆಯ ಸಂದಿಯಲ್ಲಿ ಇಳಿದು, ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ಕಂದು ಕಲೆಯಾಗಿ ಹಾಜರಾಗುತ್ತದೆ. ಊರಿನಲ್ಲಾದರೋ ಗೋಡೆ, ಬಾಗಿಲು, ಕಮೋಡು ಅನ್ನದೆ ಎಲ್ಲಕ್ಕೂ ನೀರು ಹೊಡೆದು, ಪೊರಕೆಯಲ್ಲಿ ಉಜ್ಜಿ ತೊಳೆದರೇನೇ ಸಮಾಧಾನ.

ಕಡಿಮೆ ಖರ್ಚಿನಲ್ಲಿ ಬಚ್ಚಲು ಹೊಸದು ಮಾಡಿಸಬೇಕು ಅಂದಾಗ ಎರಡೂ ಕಡೆಯವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ನನಗೆ ಅದು ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ. ನೀರು ಎಲ್ಲಿಯವರೆಗೆ ಬರಬಹುದು, ಎಲ್ಲಿಂದ ಆಚೆ ಬರಕೂಡದು ಅನ್ನುವ ಗೆರೆ ಮೊದಲು ಬೀಳಬೇಕು. ಖರ್ಚು ನಿಂತಿರುವುದು ಆ ಗೆರೆಯ ಮೇಲೆ.

ಟೈಲ್ಸ್ ಹಾಕಿದರೆ ನೀರು ನಿಂತಿತು ಅನ್ನುವ ನಂಬಿಕೆ ಅಮೆರಿಕದಲ್ಲೂ ಇದೆ, ನಮ್ಮಲ್ಲೂ ಇದೆ. ಟೈಲ್ಸ್ ತಡೆಯಬಹುದು, ಸಂದಿ ತಡೆಯುವುದಿಲ್ಲ. ಸಂದಿಗೆ ತುಂಬುವ ಸಿಮೆಂಟ್ ಗ್ರೌಟ್ ನೀರು ಕುಡಿಯುತ್ತದೆ. ನಿಜವಾಗಿ ತಡೆಯುವುದು ಅದರ ಹಿಂದೆ, ಕಣ್ಣಿಗೆ ಬೀಳದೆ ಕೂತ ಪದರ. ದುಡ್ಡು ಸಾಲದಿದ್ದರೆ ಟೈಲ್ಸ್ ಅಗ್ಗದ್ದು ತನ್ನಿ, ನಲ್ಲಿ ಸಾಧಾರಣದ್ದು ಹಾಕಿಸಿ. ಈ ಪದರಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಇಲ್ಲಿ ಆ ಪದರ ಇರಬೇಕಾದ್ದು ಟಬ್ಬಿನ ಸುತ್ತಲಿನ ಮೂರು ಗೋಡೆಯಲ್ಲಿ. ಗೋಡೆ ಇಟ್ಟಿಗೆಯದಲ್ಲ, ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಹಳೆಯ ಮನೆಗಳಲ್ಲಿ ಅದರ ಮೇಲೇ ನೇರ ಟೈಲ್ಸ್ ಅಂಟಿಸಿರುವುದುಂಟು. ಟಬ್ಬಿನ ನಲ್ಲಿಯ ಸುತ್ತಲಿನ ಟೈಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಕ್ಕೆ ಹೋದರೆ ಹಿಂದಿನ ಹಲಗೆ ನೆನೆದು ಹಿಟ್ಟಾಗಿದೆ ಅಂತ ಅರ್ಥ. ಮೇಲಿಂದ ಮತ್ತೆ ಗ್ರೌಟ್ ತುಂಬಿಸುವುದು ದುಡ್ಡು ದಂಡ. ಒಡೆದು ಅರ್ಧ ಇಂಚಿನ ಸಿಮೆಂಟ್ ಬೋರ್ಡ್ ಹೊಡೆಯಲೇಬೇಕು. 1978ಕ್ಕೆ ಮುಂಚಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ, ಒಡೆಯುವ ಮುಂಚೆ ಪರೀಕ್ಷೆ ಮಾಡಿಸಿ. ಆ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ.

ಟಬ್ಬಿನ ಮೂರು ಗೋಡೆ ಸೇರಿ 10 ಅಡಿ ಅಗಲ, ಟಬ್ಬಿನ ಅಂಚಿನಿಂದ 6 ಅಡಿ ಎತ್ತರ, ಒಟ್ಟು 60 ಚದರ ಅಡಿ. 3×5 ಅಡಿಯ ಬೋರ್ಡು ಲೆಕ್ಕಕ್ಕೆ 4 ಸಾಕು; ಕತ್ತರಿಸುವಾಗ ಹಾಳಾಗುವುದರಿಂದ 5 ತನ್ನಿ. ಈ ಬೋರ್ಡು ನೀರಿಗೆ ಕೊಳೆಯುವುದಿಲ್ಲ, ಆದರೆ ನೀರನ್ನು ತನ್ನ ಮೂಲಕ ಹಿಂಬದಿಗೆ ದಾಟಲು ಬಿಡುತ್ತದೆ. ಹಾಗಾಗಿ ಸಂದಿಗಳಿಗೆ ಜಾಲರಿ ಪಟ್ಟಿ ಹಾಕಿ ಥಿನ್‌ಸೆಟ್ ಅನ್ನುವ ಸಿಮೆಂಟ್ ಅಂಟು ಮೆತ್ತಿ, ಒಣಗಿದ ಮೇಲೆ ವಾಟರ್‌ಪ್ರೂಫ್ ದ್ರವ ಎರಡು ಕೋಟು ಎಳೆಯಬೇಕು. ಹಸಿಯಿದ್ದಾಗ ಗುಲಾಬಿ, ಒಣಗಿದಾಗ ಕೆಂಪಾಗುವ ಜಾತಿಯದು ಸಿಗುತ್ತದೆ; ಮೊದಲ ಸಲ ಕೈಹಾಕುವವರಿಗೆ ಅದೇ ವಾಸಿ, ಎಲ್ಲಿ ಇನ್ನೂ ಹಸಿಯಿದೆ ಅಂತ ತಾನೇ ಹೇಳುತ್ತದೆ. ಒಂದು ಗ್ಯಾಲನ್ ಡಬ್ಬಿ ಎರಡು ಕೋಟಿಗೆ ಸುಮಾರು 50 ಚದರ ಅಡಿ ಬರುತ್ತದೆ. 60 ಚದರ ಅಡಿಯನ್ನು ಒಂದೇ ಡಬ್ಬಿಯಲ್ಲಿ ಮುಗಿಸಲು ಹೋದರೆ ಪದರ ತೆಳ್ಳಗಾಗಿ ಮೂಲೆಯಲ್ಲೇ ಬಿರಿಯುತ್ತದೆ. ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಹಾಳೆ, ಮುಂದೆ ಈ ದ್ರವ, ಎರಡೂ ಬೇಡ. ನಡುವೆ ಸಿಕ್ಕಿಕೊಂಡ ತೇವಕ್ಕೆ ಹೊರಗೆ ಹೋಗುವ ದಾರಿ ಇರುವುದಿಲ್ಲ.

ಟಬ್ಬು ಮತ್ತು ಟೈಲ್ಸ್ ಸೇರುವ ಸಂದಿಗೆ ಗ್ರೌಟ್ ಹಾಕಬಾರದು, ಸಿಲಿಕಾನ್ ಹಾಕಬೇಕು. ಅದನ್ನೂ ಟಬ್ಬಿನ ತುಂಬ ನೀರು ಬಿಟ್ಟುಕೊಂಡು ಹಾಕಬೇಕು. ನೀರಿನ ಭಾರಕ್ಕೆ ಟಬ್ಬು ಕೂದಲೆಳೆಯಷ್ಟು ಕೆಳಗಿಳಿದು ಸಂದಿ ಅಗಲವಾಗಿರುತ್ತದೆ. ಖಾಲಿ ಟಬ್ಬಿಗೆ ಹಾಕಿದ ಸಿಲಿಕಾನ್, ಯಾರಾದರೂ ಸ್ನಾನಕ್ಕೆ ಇಳಿದಾಗಲೆಲ್ಲ ಎಳೆದೆಳೆದು ಕೊನೆಗೆ ಕಿತ್ತುಕೊಳ್ಳುತ್ತದೆ.

ಟಬ್ಬು ತೆಗೆದು ಬರೀ ಶವರ್ ಮಾಡಿಸುತ್ತೇವೆ ಅನ್ನುವವರು ಮೊದಲು ಕೆಳಗಿನ ಪೈಪು ನೋಡಬೇಕು. ಟಬ್ಬಿಗೆ ಒಂದೂವರೆ ಇಂಚಿನ ಪೈಪು ಸಾಕು, ಶವರಿಗೆ ಬಹಳ ಕಡೆ 2 ಇಂಚು ಕೇಳುತ್ತಾರೆ. ಪೈಪಿನ ದಾರಿ ಬದಲಿಸದೆ ಕಮೋಡು, ನಲ್ಲಿ ಬದಲಿಸುವುದಾದರೆ ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಪರ್ಮಿಟ್ಟಿನ ಗೊಡವೆಯಿಲ್ಲ. ಪೈಪು ಸರಿಸಿದಿರೋ, ಟೌನ್ ಆಫೀಸಿಗೆ ಹೋಗಬೇಕು. ಎಲ್ಲಕ್ಕಿಂತ ಅಗ್ಗದ ದಾರಿ ಇದ್ದದ್ದನ್ನು ಇದ್ದಲ್ಲೇ ಬಿಡುವುದು. ಕಮೋಡನ್ನು ಒಂದು ಅಡಿ ಆಚೆ ಸರಿಸುವುದು ಕಾಗದದ ಮೇಲೆ ಒಂದು ಗೆರೆ ಅಷ್ಟೇ; ನೆಲದಡಿ ಅದು ತೊಲೆ ಕೊರೆಯುವ ಕೆಲಸ.

ಹಳೆಯ ನೆಲದ ಮೇಲೇ ಹೊಸ ಟೈಲ್ಸ್ ಹಾಕಿದಾಗ ಇಲ್ಲಿ ಒಂದು ಎಡವಟ್ಟು ಆಗುತ್ತದೆ. ಕಮೋಡಿನ ಬುಡಕ್ಕೂ ಮಲದ ಪೈಪಿಗೂ ನಡುವೆ ಇರುವುದು ಫ್ಲ್ಯಾಂಜ್ ಅನ್ನುವ ಬಳೆ, ಅದರ ಮೇಲೊಂದು ಮೇಣದ ಉಂಗುರ. ಬಳೆ ಹೊಸ ನೆಲದ ಮೇಲೆ ಕೂತಿರಬೇಕು. ಟೈಲ್ಸ್ ಅರ್ಧ ಇಂಚು ಏರಿದರೆ ಬಳೆ ಗುಂಡಿಗೆ ಬೀಳುತ್ತದೆ, ಮೇಣ ಪೂರ್ತಿ ಒತ್ತುವುದಿಲ್ಲ, ಕಮೋಡು ಅಲ್ಲಾಡುತ್ತದೆ. ಒಮ್ಮೆ ಅಲ್ಲಾಡಿದ ಮೇಣ ಮತ್ತೆ ಕೂರುವುದಿಲ್ಲ, ಹೊಸದೇ ಹಾಕಬೇಕು. ಬಳೆ ಎತ್ತರಿಸುವ ರಿಂಗು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ಅದನ್ನು ಹಾಕದೆ ಬಿಟ್ಟು, ಕೆಳಗಿನ ಹಲಗೆ ಕೊಳೆತ ಮೇಲೆ ಸಾವಿರಗಟ್ಟಲೆ ಸುರಿಯುವವರಿದ್ದಾರೆ.

ಊರಿನ ಬಚ್ಚಲಿನ ಮರ್ಮವೆಲ್ಲ ನೆಲದಲ್ಲಿ. ಹಳೆಯ ಪದ್ಧತಿಯಂತೆ ಬಚ್ಚಲಿನ ಸ್ಲ್ಯಾಬನ್ನು 8ರಿಂದ 12 ಇಂಚು ತಗ್ಗಿಸಿ, ಅದರೊಳಗೆ ಪೈಪು ಓಡಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಗಾರೆ ಹಾಕಿ ಟೈಲ್ಸ್ ಕೂರಿಸುತ್ತಾರೆ. ಗ್ರೌಟ್ ಸವೆದರೆ ನೀರು ಆ ಇಟ್ಟಿಗೆ ಚೂರಿಗೆ ಇಳಿದು ತೊಟ್ಟಿಯಂತೆ ನಿಲ್ಲುತ್ತದೆ. ಮೇಲೆ ಸ್ನಾನ ನಿಲ್ಲಿಸಿದರೂ ವಾರಗಟ್ಟಲೆ ಕೆಳಗೆ ಜಿನುಗುತ್ತಲೇ ಇರುತ್ತದೆ. ನಮ್ಮ ಕೈಯಾರೆ ನಾವೇ ಗ್ರೌಟ್ ಸವೆಸುತ್ತೇವೆ ಅನ್ನಿ, ತಿಂಗಳಿಗೊಮ್ಮೆ ಆಸಿಡ್ ಸುರಿದು. ಆಸಿಡ್ ಟೈಲ್ಸಿನ ಬಿಳಿ ಕಲೆಯ ಜೊತೆಗೆ ಸಿಮೆಂಟನ್ನೂ ತಿನ್ನುತ್ತದೆ.

ಕೆಳಗೆ ಸೋರುತ್ತಿದೆ ಅಂದಕೂಡಲೇ ಎಲ್ಲ ಒಡೆಸಬೇಡಿ. ಮೊದಲು ಆ ಬಚ್ಚಲಿನ ಕಂಟ್ರೋಲ್ ವಾಲ್ವ್ ತಿರುಗಿಸಿ ನೀರಿನ ಪೂರೈಕೆ ಪೂರ್ತಿ ನಿಲ್ಲಿಸಿ, ಎರಡು ದಿನ ಸ್ನಾನ ಬೇರೆ ಕಡೆ ಮಾಡಿ. ಜಿನುಗುವುದು ಬೇಗ ಕಮ್ಮಿಯಾದರೆ, ವಾಲ್ವ್ ಮತ್ತೆ ತೆರೆದು, ಆದರೆ ನೆಲಕ್ಕೆ ಒಂದು ಹನಿ ಬೀಳಿಸದೆ ಇನ್ನೊಂದು ದಿನ ನೋಡಿ. ಆಗಲೂ ಒದ್ದೆ ಹೆಚ್ಚಿದರೆ ತೂತು ಬಿದ್ದಿರುವುದು ನೀರು ಬರುವ ಪೈಪಿಗೆ, ನೆಲಕ್ಕಲ್ಲ. ಆ ಗೋಡೆಯಲ್ಲಿ ಎರಡು ಟೈಲ್ಸ್ ಒಡೆದರೆ ಕೆಲಸ ಮುಗಿಯಬಹುದು. ಸ್ನಾನವಾದ ಮೇಲೆ ಮಾತ್ರ ಹೆಚ್ಚಿದರೆ ತೊಂದರೆ ನೆಲದಲ್ಲಿ ಅಥವಾ ನಹಾನಿ ಟ್ರ್ಯಾಪಿನ, ಅಂದರೆ ಜಾಲಿಯ ಕೆಳಗೆ ಕೂರುವ ಬಟ್ಟಲಿನ, ಸುತ್ತ. ಆಗಲೂ ಮೊದಲ ಮದ್ದು ಹಳೆಯ ಗ್ರೌಟನ್ನು 2–3 ಮಿ.ಮೀ. ಆಳ ಕೊರೆದು, ನೀರು ಕುಡಿಯದ ಎಪಾಕ್ಸಿ ಗ್ರೌಟ್ ತುಂಬಿಸುವುದು. ತಗ್ಗಿನಲ್ಲಿ ಆಗಲೇ ನಿಂತ ನೀರು ಒಣಗಲು ಸಮಯ ಬೇಕು, ಮಾರನೆಯ ದಿನವೇ ಫಲಿತಾಂಶ ಕೇಳಬೇಡಿ. ಇದರಿಂದಲೂ ನಿಲ್ಲದಿದ್ದರೆ ಒಡೆಸಿ.

ಟೈಲ್ಸ್ ಮೇಲೆ ಟೈಲ್ಸ್ ಅಂಟಿಸುವುದನ್ನು ಅಗ್ಗದ ಉಪಾಯ ಅಂತ ಈಗ ಎಲ್ಲರೂ ಹೇಳುತ್ತಾರೆ. ತಟ್ಟಿ ನೋಡಿದಾಗ ಟೊಳ್ಳು ಸದ್ದು ಬಾರದ ಗೋಡೆಗೆ ಅದು ಸರಿಯೇ. ನೆಲಕ್ಕೆ ಮಾಡಿದರೆ ಬಾಗಿಲು ಉಜ್ಜುತ್ತದೆ, ಜಾಲಿ ಗುಂಡಿಯಾಗುತ್ತದೆ, ಸೋರುವುದು ಮಾತ್ರ ಹಾಗೇ ಉಳಿಯುತ್ತದೆ.

ನೆಲ ಒಡೆದ ಮೇಲೆ ಆತುರ ಬೇಡ. ತಗ್ಗಿನ ಸ್ಲ್ಯಾಬಿಗೆ ಒಂದು ಸಲ, ತುಂಬಿ ಗಾರೆ ಹಾಕಿದ ಮೇಲೆ ಇನ್ನೊಂದು ಸಲ ವಾಟರ್‌ಪ್ರೂಫಿಂಗ್ ಆಗಬೇಕು. ಗೋಡೆ ನೆಲ ಸೇರುವ ಮೂಲೆಯನ್ನು ಗಾರೆಯಲ್ಲಿ ದುಂಡಗೆ ಮಾಡಿಸಿ, ಪದರ ಬಿರಿಯುವುದು ಚೂಪು ಮೂಲೆಯಲ್ಲೇ. ಆಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು 48 ಗಂಟೆ ಬಿಡಿ. ‘ನಿನ್ನೆ ನಿಲ್ಲಿಸಿದ್ವಿ ಸಾರ್, ಏನೂ ಆಗಿಲ್ಲ’ ಅನ್ನುವ ಮಾತಿಗೆ ಬೆಲೆಯಿಲ್ಲ. ಕೆಳಗಿನ ಸೀಲಿಂಗ್ ನೋಡಿ ಬಂದವರ ಮಾತಿಗೆ ಬೆಲೆ.

ವಾಟದ, ಅಂದರೆ ನೀರು ಹರಿಯಲು ನೆಲಕ್ಕೆ ಕೊಡುವ ಇಳಿಜಾರಿನ, ವಿಷಯಕ್ಕೆ ಬಂದರೆ ಎರಡೂ ದೇಶದ ಬುದ್ಧಿ ಒಂದೇ ಕಡೆ ಸೇರುತ್ತದೆ. ಇಲ್ಲಿ ಶವರಿನ ನೆಲಕ್ಕೆ ಅಡಿಗೆ ಕಾಲು ಇಂಚು ವಾಟ ಕೊಡುತ್ತಾರೆ. 4 ಅಡಿಗೆ 1 ಇಂಚಾಯಿತು. ಊರಿನಲ್ಲಿ ಇಡೀ ನೆಲ ಒದ್ದೆಯಾಗುವುದರಿಂದ 80ಕ್ಕೆ 1 ಹಿಡಿದರೂ 8 ಅಡಿಯಲ್ಲಿ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಟೈಲ್ಸ್ ದೊಡ್ಡದಾದಷ್ಟೂ ಈ ವಾಟಕ್ಕೆ ಕಷ್ಟ. 2×2 ಅಡಿಯ ಟೈಲ್ಸ್ ತಂದು, ಜಾಲಿಯನ್ನು ನೆಲದ ನಡುವೆ ಇಟ್ಟು, ನಾಲ್ಕೂ ಕಡೆಯಿಂದ ಇಳಿಸಿ ಅಂದರೆ ಯಾವ ಗಾರೆಯವನೂ ಇಳಿಸಲಾರ, ಮೂಲೆಯಲ್ಲಿ ತುಟಿ ಎದ್ದು ಕಾಲಿಗೆ ತಗಲುತ್ತದೆ. ಅಮೆರಿಕದವರು ಶವರಿನ ನೆಲಕ್ಕೆ 2 ಇಂಚಿನ ಪುಟಾಣಿ ಟೈಲ್ಸ್ ಹಾಕುವುದು ಇದೇ ಕಾರಣಕ್ಕೆ, ಅಂದಕ್ಕಲ್ಲ. ಊರಲ್ಲಿ 1×1 ಅಡಿಯ ಜಾರದ ಟೈಲ್ಸ್ ಸಾಕು, ಜಾಲಿ ಗೋಡೆಯ ಮೂಲೆಗಿರಲಿ.

ಇಲ್ಲಿಂದ ಊರಿಗೆ ಕೊಂಡೊಯ್ಯುವಂಥದ್ದು ಒಂದಿದ್ದರೆ, ನೀರು ಎಲ್ಲಿಂದ ಆಚೆ ಬರಕೂಡದು ಅನ್ನುವ ಆ ಗೆರೆ. 8 ಅಡಿಯ ಕೊನೆಯಲ್ಲಿ 3×5 ಅಡಿ ಸ್ನಾನಕ್ಕೆ ಬಿಟ್ಟು, ಅಲ್ಲಿ ನೆಲ ಒಂದು ಇಂಚು ತಗ್ಗಿಸಿ, 2 ಇಂಚಿನ ಗ್ರಾನೈಟ್ ಪಟ್ಟಿ ಅಡ್ಡ ಕೂರಿಸಿದರೆ ಲೆಕ್ಕ ಹೇಗೆ ಬದಲಾಗುತ್ತದೆ ನೋಡಿ. ಇಡೀ ಬಚ್ಚಲಿಗೆ 7 ಅಡಿ ಎತ್ತರ ಟೈಲ್ಸ್ ಅಂದರೆ ಬಾಗಿಲು ಕಳೆದು 165 ಚದರ ಅಡಿ ಗೋಡೆ. ಸ್ನಾನದ ಮೂಲೆಗೆ ಮಾತ್ರ 7 ಅಡಿ, ಉಳಿದದ್ದಕ್ಕೆ 4 ಅಡಿ ಮಾಡಿ ಮೇಲೆ ಬಣ್ಣ ಹೊಡೆಸಿದರೆ 77 ಮತ್ತು 50 ಸೇರಿ 127. ನೆಲದ 40 ಸೇರಿಸಿ, ನೂರಕ್ಕೆ ಹತ್ತು ಹೆಚ್ಚಿಟ್ಟುಕೊಂಡರೆ 184 ಚದರ ಅಡಿ ಟೈಲ್ಸ್ ಸಾಕು. ಅಡ್‌ಹೆಸಿವ್ 20 ಕೆ.ಜಿ. ಚೀಲ 3 ಮಿ.ಮೀ. ದಪ್ಪಕ್ಕೆ 45–50 ಚದರ ಅಡಿ ಬರುತ್ತದೆ, 4 ಚೀಲ. ಗೋಡೆ ತೂಗುಗುಂಡಿಗೆ ಸರಿಯಿಲ್ಲದಿದ್ದರೆ 6 ಆದರೂ ಆಶ್ಚರ್ಯವಿಲ್ಲ. ವಾಟರ್‌ಪ್ರೂಫಿಂಗ್ ನೆಲಕ್ಕೆ ಪೂರ್ತಿ ಇರಲಿ. ಗೋಡೆಗೆ ಸ್ನಾನದ ಮೂಲೆಯಲ್ಲಿ ತಲೆಯ ಮೇಲಿನವರೆಗೆ, ಉಳಿದೆಡೆ ಒಂದು ಅಡಿ. ವಯಸ್ಸಾದವರಿದ್ದರೆ ಎಡವುವ ಗ್ರಾನೈಟ್ ಪಟ್ಟಿ ಬೇಡ, ವಾಟವನ್ನೇ ನಂಬಿ, ಹಿಡಿಕೆ ಹಾಕಿಸಿ.

ಗಾಜಿನ ಪಾರ್ಟಿಷನ್ ಮಾತ್ರ ಇಲ್ಲಿಂದ ಒಯ್ಯಬೇಡಿ. ಬೋರ್‌ವೆಲ್ ನೀರಿನ ಊರಿನಲ್ಲಿ ಒಂದು ವಾರಕ್ಕೇ ಗಾಜು ಬೂದಿ ಬಳಿದಂತೆ ಕಾಣುತ್ತದೆ. ಅದರ ಬದಲು ಒಂದು ಕರ್ಟನ್ ಸಾಕು.

ಟೈಲ್ಸ್ ಅಂಟಿಸುವಾಗ ಊರಿನಲ್ಲಿ ಇನ್ನೂ ಸಿಮೆಂಟ್ ಹಾಲು ಬಳಿದು, ಹಿಂದೆ ನಾಲ್ಕು ಮುದ್ದೆ ಗಾರೆ ಇಟ್ಟು ಒತ್ತುವ ಅಭ್ಯಾಸ ಹೋಗಿಲ್ಲ. ನೀರಿನಲ್ಲಿ ನೆನೆಸಿದ ಸೆರಾಮಿಕ್ ಟೈಲ್ಸಿಗೆ ಅದು ನಡೆಯುತ್ತಿತ್ತು, ಅದು ನೀರು ಹೀರುವ ಟೈಲ್ಸ್. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದು ಇಲ್ಲವೆನ್ನುವಷ್ಟು ಕಮ್ಮಿ, ಹಾಗಾಗಿ ಬರೀ ಸಿಮೆಂಟು ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಅಡ್‌ಹೆಸಿವನ್ನು ಹಲ್ಲಿನ ಕರಣೆಯಲ್ಲಿ ಎಳೆಯಬೇಕು. ಮುದ್ದೆಗಳ ನಡುವಿನ ಟೊಳ್ಳಿನಲ್ಲಿ ನೀರು ನಿಂತು ಜಿರಲೆಗೂ ಮನೆಯಾಗುತ್ತದೆ.

ಊರಿನಿಂದ ಇಲ್ಲಿಗೆ ಬಂದದ್ದು ಹೆಲ್ತ್ ಫಾಸೆಟ್, ಕಮೋಡಿನ ಪಕ್ಕದ ಕೈ ಶವರ್. ಕಮೋಡಿನ ಟ್ಯಾಂಕಿಗೆ ಹೋಗುವ ಪೈಪಿಗೆ ಟಿ ಹಾಕಿ ಅರ್ಧ ಗಂಟೆಯಲ್ಲಿ ಜೋಡಿಸಬಹುದು. ಆದರೆ ಟಿಯಲ್ಲಿರುವ ವಾಲ್ವನ್ನು ಪ್ರತಿ ಸಲ ಮುಚ್ಚದಿದ್ದರೆ ಮನೆಯ ಪೂರ್ತಿ ಒತ್ತಡ ಹಗಲೂ ರಾತ್ರಿ ಆ ತೆಳು ಹೋಸಿನ ಮೇಲಿರುತ್ತದೆ. ಊರಿನಲ್ಲಿ ಅದು ಒಡೆದರೆ ಜಾಲಿ ನುಂಗುತ್ತದೆ, ಇಲ್ಲಿ ಜಾಲಿಯಿಲ್ಲ. ಆದ್ದರಿಂದ ಇಲ್ಲಿಯ ನೆಲಕ್ಕೆ ಸೀಟಿನ ಕೆಳಗೆ ಕೂತು ನೀರು ಚಿಮ್ಮಿಸುವ ‘ಬಿಡೆ’ಯೇ (bidet) ಸರಿ ಅಂತ ನನ್ನ ಮತ.

ಊರಿನ ಮನೆಯ ಕೆಲಸವನ್ನು ದೂರದಿಂದ ಫೋನಿನಲ್ಲಿ ಮಾಡಿಸುವವರು ಒಂದು ವಿಷಯಕ್ಕೆ ಪಟ್ಟು ಹಿಡಿಯಿರಿ. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಹಾಕಿ, ಪಂಪಿನಲ್ಲಿ ಒತ್ತಡ ಕೊಟ್ಟು, ಒತ್ತಡದ ಮೀಟರಿನ ಮುಳ್ಳು ಇಳಿಯಲಿಲ್ಲ ಅಂತ ಖಾತ್ರಿಯಾಗುವ ತನಕ ಟೈಲ್ಸ್ ಮುಟ್ಟಕೂಡದು. ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ಡೈವರ್ಟರಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಎಷ್ಟು ಆಳಕ್ಕೆ ಕೂರಬೇಕು ಅನ್ನುವ ಗುರುತಿರುತ್ತದೆ. ಟೈಲ್ಸಿನ ದಪ್ಪ ಸೇರಿಸಿ ಅದಕ್ಕೆ ಸರಿಯಾಗಿದೆಯೋ ನೋಡಿಸಿ, ಆಳಕ್ಕೆ ಹೋದರೆ ಹಿಡಿಕೆ ಕೂರುವುದಿಲ್ಲ. ಮುಚ್ಚುವ ಮುಂಚೆ ನಾಲ್ಕೂ ಗೋಡೆಯ ಫೋಟೋ ತರಿಸಿಕೊಳ್ಳಿ, ಪ್ರತಿ ಫೋಟೋದಲ್ಲೂ ನೆಲದಿಂದ ಮೇಲಕ್ಕೆ ಹಿಡಿದ ಟೇಪು ಕಾಣಬೇಕು. ಎರಡು ವರ್ಷ ಕಳೆದು ಕನ್ನಡಿಗೆ ಡ್ರಿಲ್ ಹಿಡಿದು ನಿಂತವರು ‘ಪೈಪು ಎಲ್ಲಿದೆ?’ ಅಂತ ಫೋನ್ ಮಾಡಿದಾಗ ಅದನ್ನು ಕಳಿಸಬಹುದು.