ಮೊದಲು ಗಾಯಕ್ಕೆ ಪಟ್ಟಿ, ಮಿಕ್ಕಿದ್ದು ಆಮೇಲೆ

ಪ್ಯಾರಿಸ್‌ನಲ್ಲಿ ಮನೆಯಿಲ್ಲದವರನ್ನು ಹುಡುಕಿಕೊಂಡು ರಾತ್ರಿಯೆಲ್ಲ ಬೀದಿ ಸುತ್ತುವ ವ್ಯಾನ್‌ಗಳಿವೆ. ಒಳಗೆ ಮೂವರು: ಡ್ರೈವರ್, ನರ್ಸ್, ಒಬ್ಬ ಸಮಾಜ ಕಾರ್ಯಕರ್ತ. ಸೇವೆಯ ಹೆಸರು ಸಾಮು ಸೋಸಿಯಾಲ್. ಗ್ಸಾವಿಯೇ ಎಮಾನ್ಯುಯೆಲ್ಲಿ ಅನ್ನುವ ಡಾಕ್ಟರು 1993ರಲ್ಲಿ ಶುರು ಮಾಡಿದ್ದು. ಬೀದಿಯಲ್ಲಿ ತುಂಬಾ ದಿನ ಇದ್ದವರು ಸಹಾಯ ಕೇಳುವುದನ್ನೇ ಬಿಟ್ಟಿರುತ್ತಾರೆ, ಅವರು ಬರಲಿ ಅಂತ ಕಾಯಬಾರದು, ನಾವೇ ಹೋಗಬೇಕು ಅನ್ನುವುದು ಅವರ ವಾದ. ಸೆನೆಗಾಲ್‌ನ ಡಾಕರ್ ನಗರದಲ್ಲಿ ಇದೇ ಕ್ರಮವನ್ನು ಬೀದಿ ಮಕ್ಕಳಿಗಾಗಿಯೇ ತಂದರು.

ಪ್ಯಾರಿಸ್‌ಗೆ ಬಂದ ಮೇಲೆ ನನಗೆ ಹಿಡಿಸಿದ್ದು ವ್ಯಾನ್ ಅಲ್ಲ, ಅದು ಮತ್ತೆ ಬರುತ್ತದೆ ಅನ್ನುವುದು. ಇವತ್ತು ಬೇಡ ಅಂದವನ ಹತ್ತಿರ ನಾಳೆಯೂ ಹೋಗುತ್ತಾರೆ. ನಮ್ಮ ಕಡೆ ಬೀದಿ ಮಗು ಅಂದ ಕೂಡಲೇ ಬಾಯಿಗೆ ಬರುವುದು ‘ರಕ್ಷಣೆ’. ಜೀಪು ಬರುತ್ತದೆ, ನಾಲ್ಕು ಹುಡುಗರನ್ನು ಹತ್ತಿಸಿಕೊಳ್ಳುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಬಾಲಮಂದಿರಕ್ಕೆ ಹೋದ ಹುಡುಗ ಕೆಲವೇ ದಿನದಲ್ಲಿ ಗೋಡೆ ಹಾರಿ ಅದೇ ಪ್ಲಾಟ್‌ಫಾರಂಗೆ ವಾಪಸ್ ಬಂದರೆ ಆಗ ಫೋಟೋ ತೆಗೆಯುವವರು ಇರುವುದಿಲ್ಲ.

ಬೀದಿ ಮಕ್ಕಳನ್ನು ಕಾಡುವ ಕಜ್ಜಿಯನ್ನೇ ನೋಡಿ. ಬೆರಳ ಸಂದಿನಲ್ಲಿ, ಸೊಂಟದ ಸುತ್ತ ತುರಿಕೆ. ರಾತ್ರಿ ಜಾಸ್ತಿ. ತುರಿಸಿ ತುರಿಸಿ ಕೀವು ತುಂಬುತ್ತದೆ. ಔಷಧಿ ದುಬಾರಿಯೇನಲ್ಲ, ಒಂದು ಮುಲಾಮು. ಆದರೆ ಅದನ್ನು ಕತ್ತಿನಿಂದ ಕಾಲಿನ ತನಕ ಹಚ್ಚಿ, ಎಂಟು ಹತ್ತು ಗಂಟೆ ಬಿಟ್ಟು, ಸ್ನಾನ ಮಾಡಬೇಕು. ಒಂದೆರಡು ವಾರ ಬಿಟ್ಟು ಇನ್ನೊಂದು ಸಲ. ಬಟ್ಟೆ, ಹೊದಿಕೆಯನ್ನು ಬಿಸಿನೀರಲ್ಲಿ ಒಗೆಯಬೇಕು. ಜೊತೆಗೆ ಮಲಗುವವರೆಲ್ಲರಿಗೂ ಒಟ್ಟಿಗೇ ಹಚ್ಚಬೇಕು, ಇಲ್ಲದಿದ್ದರೆ ಒಬ್ಬನಿಗೆ ವಾಸಿಯಾಗುವಷ್ಟರಲ್ಲಿ ಇನ್ನೊಬ್ಬನಿಂದ ಮತ್ತೆ ಹತ್ತುತ್ತದೆ. ಒಂದೇ ಗೋಣಿಚೀಲದ ಮೇಲೆ ಐದು ಜನ ಮಲಗುವ ಹುಡುಗರಿಗೆ ಸ್ನಾನ ಎಲ್ಲಿ? ಬದಲಿಗೆ ಬಟ್ಟೆ ಎಲ್ಲಿ? ಆಸ್ಪತ್ರೆಗೆ ಹೋದರೆ ‘ಜೊತೆಗೆ ದೊಡ್ಡವರು ಯಾರು ಬಂದಿದ್ದಾರೆ’ ಅಂತ ಮೊದಲ ಪ್ರಶ್ನೆ. ಮುಲಾಮಿನ ಟ್ಯೂಬ್ ಕೈಗೆ ಕೊಟ್ಟು ಕಳಿಸಿದರೆ ಚಿಕಿತ್ಸೆ ಕೊಟ್ಟ ಹಾಗಾಯಿತು, ಆದರೆ ವಾಸಿಯಾಗುವುದಿಲ್ಲ. ನರ್ಸ್ ಜೊತೆ ಸಮಾಜ ಕಾರ್ಯಕರ್ತ ಯಾಕೆ ಬೇಕು ಅಂತ ಕೇಳುವವರಿಗೆ ಈ ಕಜ್ಜಿಯೇ ಉತ್ತರ. ಆರು ತಿಂಗಳು ಮಾತ್ರೆ ನುಂಗಬೇಕಾದ ಕ್ಷಯದ ಮಾತು ಬಿಡಿ. ಪಂಕ್ಚರ್ ಸಲ್ಯೂಷನ್ ಮೂಸುವ ಚಟ ಇನ್ನೂ ಕಷ್ಟ. ಅದು ಹಸಿವು, ಚಳಿ ಎರಡನ್ನೂ ಮರೆಸುತ್ತದೆ. ಹಸಿವು ಹಾಗೇ ಇರುವಾಗ ಸಲ್ಯೂಷನ್ ಕಿತ್ತುಕೊಂಡರೆ ಯಾವ ಹುಡುಗ ನಂಬುತ್ತಾನೆ?

ಹಾಗಂತ ಇದೆಲ್ಲ ಫ್ರಾನ್ಸಿನವರೇ ಕಂಡುಹಿಡಿದದ್ದು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಬೆಂಗಳೂರು ಓಣಿಯವರ ಸೇವಾ ಕೂಟ, ಎಲ್ಲರ ಬಾಯಲ್ಲಿ ಬೋಸ್ಕೋ, 1980ರಲ್ಲೇ ಬೀದಿ ಮಕ್ಕಳ ಕೆಲಸಕ್ಕೆ ಇಳಿದಿತ್ತು. 1996ರಲ್ಲಿ ಮುಂಬೈಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ 1098 ಅನ್ನು ಕಟ್ಟುವಾಗ ಬೀದಿ ಮಕ್ಕಳ ಮಾತನ್ನೇ ಕೇಳಿದ್ದರು. ದಾರಿ ನಮಗೆ ಗೊತ್ತಿತ್ತು. ನಮ್ಮಲ್ಲಿ ಅದು ಕೆಲವರ ಹಟದ ಮೇಲೆ ನಡೆಯುತ್ತದೆ, ಇಲ್ಲಿ ಸರ್ಕಾರದ ದುಡ್ಡಿನ ಮೇಲೆ ನಡೆಯುತ್ತದೆ. ನನ್ನ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟೇ.

ಇಲ್ಲಿನ ಹುಳುಕೂ ಸಣ್ಣದಲ್ಲ. ಮಲಗಲು ಜಾಗ ಬೇಕಿದ್ದರೆ 115ಕ್ಕೆ ಫೋನ್ ಮಾಡಬೇಕು. 2024ರ ಆಗಸ್ಟ್‌ನ ಒಂದೇ ರಾತ್ರಿ, ಅಪ್ಪ ಅಮ್ಮ ಫೋನ್ ಮಾಡಿದರೂ ಜಾಗ ಸಿಗದೆ ಹೊರಗೇ ಉಳಿದ ಮಕ್ಕಳು ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು. ಇಷ್ಟು ಸಿರಿವಂತ ದೇಶದಲ್ಲಿ! ಒಂಟಿಯಾಗಿ ಆಫ್ರಿಕಾದಿಂದ ಬಂದ ಹುಡುಗರದ್ದು ಬೇರೆಯೇ ಗೋಳು. ‘ನಿನಗೆ ಹದಿನೆಂಟು ಆಗಿಲ್ಲ ಅಂತ ಹೇಗೆ ನಂಬೋಣ’ ಅನ್ನುವ ಜಗಳ ಮುಗಿಯುವ ತನಕ ಎಷ್ಟೋ ಜನ ಟೆಂಟ್‌ನಲ್ಲೇ ಇರುತ್ತಾರೆ. ವ್ಯಾನ್ ಬಂದು ಹೋದರೂ ಬಾಗಿಲು ತೆರೆಯದಿದ್ದರೆ ಏನು ಬಂತು, ಅಲ್ವಾ?

ಊರಿನ ಗೆಳೆಯರು ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ. ಬೀದಿಯಲ್ಲೇ ಮದ್ದು ಕೊಡುತ್ತಾ ಹೋದರೆ ಮಗುವನ್ನು ಬೀದಿಯಲ್ಲೇ ಬಿಟ್ಟ ಹಾಗಲ್ವಾ? ನಮ್ಮ ಕಾನೂನು ಹಾಗೆ ಬಿಡುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ದಿಕ್ಕಿಲ್ಲದ ಮಗು ಕಂಡರೆ 24 ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಆರು ತಿಂಗಳ ತನಕ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮಕ್ಕಳನ್ನು ಕದ್ದು ಮಾರುವವರಿರುವ ನಾಡಿನಲ್ಲಿ ಇದು ಬೇಕಾದದ್ದೇ. ಇದನ್ನು ಸಡಿಲ ಮಾಡಿ ಅಂತ ನಾನು ಹೇಳುವುದಿಲ್ಲ.

ನಾನು ಕೇಳುವುದು ಇಷ್ಟೇ. ಸುದ್ದಿ ಮುಟ್ಟಿಸಿದ ಮೇಲೂ, ಬೀದಿಯಲ್ಲಿ ಕಾಲಿಗೆ ಪಟ್ಟಿ ಕಟ್ಟಿದ ಕಾರ್ಯಕರ್ತರೇ ಮಗುವಿನ ಜೊತೆ, ಅದು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಲಿ. ಪೊಲೀಸಮ್ಮನ ಪಕ್ಕದಲ್ಲಿ ಅವರಿಗೂ ಒಂದು ಕುರ್ಚಿ ಇರಲಿ. ಬಾಲಮಂದಿರಕ್ಕೆ ಸೇರಿಸಿದರೆ ವಾರಕ್ಕೊಮ್ಮೆ ಅವರನ್ನು ಒಳಗೆ ಬಿಡಲಿ. ಹುಡುಗ ಓಡಿಹೋದರೆ ಮೊದಲ ಫೋನ್ ಅವರಿಗೆ ಹೋಗಲಿ. ಅವನು ಎಲ್ಲಿ ಮಲಗುತ್ತಾನೆ ಅಂತ ಗೊತ್ತಿರುವುದು ಅವರಿಗೇ.