ಅತ್ತಿ ಮರದ ಸರದಿ

ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ ಹಗಲಿನ ಯಾವ ಹೊತ್ತಿನಲ್ಲಾದರೂ ಕಾರು ನಿಲ್ಲಿಸಲು ಜಾಗ ಸಿಗುವುದು ಅತ್ತಿ ಮರದ ಕೆಳಗೆ ಮಾತ್ರ. ಹಣ್ಣಿನ ಕಾಲದಲ್ಲಿ ಅಲ್ಲಿ ರಾತ್ರಿಯಿಡೀ ವಾಹನ ಬಿಟ್ಟವರು ಬೆಳಿಗ್ಗೆ ಗಾಜಿನ ಮೇಲೆ ಒಡೆದ ಹಣ್ಣು, ಬಾವಲಿ ಅಗಿದು ಉಗುಳಿದ ಸಿಪ್ಪೆ, ಹಕ್ಕಿಗಳ ಹಿಕ್ಕೆ ಎಲ್ಲವನ್ನೂ ಒಟ್ಟಿಗೆ ಒರೆಸಬೇಕಾಗುತ್ತದೆ. ಮರವನ್ನು ಕಡಿಸಬೇಕೆಂಬ ಮಾತು ವರ್ಷಕ್ಕೊಮ್ಮೆ ಎದ್ದು, ಅದರಲ್ಲಿ ದತ್ತಾತ್ರೇಯನ ಸಾನ್ನಿಧ್ಯವಿದೆಯೆಂದು ಯಾರೋ ಹಿರಿಯರು ನೆನಪಿಸಿದ ಕೂಡಲೇ ತಣ್ಣಗಾಗುತ್ತದೆ. ದತ್ತಾತ್ರೇಯನ ಸಂಗತಿ ನನಗೆ ಗೊತ್ತಿಲ್ಲ. ಆದರೆ ಆ ಮರದ ಒಂದೊಂದು ಕಾಯಿಯೊಳಗೂ ಒಂದು ದೊಡ್ಡ ಸಂಸಾರವೇ ಇರುವುದಂತೂ ನಿಜ.

ಅತ್ತಿ ಹಣ್ಣು ಬಿಚ್ಚಿದರೆ ಹುಳ ಎಂಬ ಗಾದೆಯನ್ನು ನಾವು ಮೇಲೆ ನುಣ್ಣಗಿದ್ದು ಒಳಗೆ ಹುಳುಕಾಗಿರುವವರನ್ನು ಹಳಿಯಲು ಬಳಸುತ್ತೇವೆ. ಇದು ಅತ್ತಿಗೆ ಬಗೆದ ಅನ್ಯಾಯ. ಹುಳವಿಲ್ಲದಿದ್ದರೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಅತ್ತಿಯ ವಂಶವೇ ಇಲ್ಲ. ಅತ್ತಿಯ ಹೂವನ್ನು ಕಂಡವರಿಲ್ಲ ಎನ್ನುತ್ತಾರಲ್ಲ, ಅದಕ್ಕೆ ಕಾರಣ ಹೂಗಳೆಲ್ಲ ಕಾಯಿಯ ಒಳಗೋಡೆಗೆ ಅಂಟಿಕೊಂಡು ಅರಳುವುದು. ಒಳಹೋಗಲು ಇರುವುದು ಕಾಯಿಯ ತುದಿಯ ಒಂದೇ ಕಿಂಡಿ, ಅದೂ ಪದರಪದರವಾಗಿ ಬಿಗಿದುಕೊಂಡದ್ದು. ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜವೊಂದು ಆ ಕಿಂಡಿಯಲ್ಲಿ ನುಸುಳುವಾಗ ರೆಕ್ಕೆಯನ್ನೂ ಮೀಸೆಯ ತುದಿಯನ್ನೂ ಮುರಿದುಕೊಳ್ಳುತ್ತದೆ, ಮತ್ತೆ ಹೊರಬರುವುದಿಲ್ಲ. ಎದೆಯ ಬದಿಯ ಪುಟ್ಟ ಚೀಲಗಳಲ್ಲಿ ತುಂಬಿ ತಂದ ಪರಾಗವನ್ನು ಒಳಗಿನ ಹೂಗಳಿಗೆ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಗೆ ಮನೆಯಾದರೆ ಉಳಿದದ್ದು ಬೀಜವಾಗುತ್ತದೆ. ವಾರಗಳು ಕಳೆದ ಮೇಲೆ ಮೊದಲು ಹೊರಬೀಳುವ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳನ್ನು ಕೂಡಿ, ಅವು ಹೊರಹೋಗಲು ಕಾಯಿಯ ಗೋಡೆಯಲ್ಲಿ ಸುರಂಗ ಕೊರೆದು ಸಾಯುತ್ತವೆ. ಹೆಣ್ಣುಗಳು ಪರಾಗ ತುಂಬಿಕೊಂಡು ಹಾರುತ್ತವೆ. ಅವುಗಳಿಗೆ ಉಳಿದಿರುವ ಆಯುಷ್ಯ ಒಂದೆರಡು ದಿನ.

ಆದರೆ ಆ ಒಂದೆರಡು ದಿನದಲ್ಲಿ ಅವು ಹೋಗುವುದಾದರೂ ಎಲ್ಲಿಗೆ? ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಲಿಯುವುದರಿಂದ ಹುಟ್ಟಿದ ಮರದಲ್ಲಿ ಎಳೆಗಾಯಿ ಸಿಗುವುದು ಅಪರೂಪ. ಆ ದಿನಗಳಲ್ಲೇ ಎಳೆಗಾಯಿ ಬಿಟ್ಟಿರುವ ಇನ್ನೊಂದು ಅತ್ತಿ ಮರ ಎಲ್ಲೋ ಇರಬೇಕು, ಅದರ ವಾಸನೆ ಗಾಳಿಯಲ್ಲಿ ತೇಲಿ ಕಣಜವನ್ನು ತಲುಪಬೇಕು. ಆಫ್ರಿಕದ ನಮೀಬಿಯಾದ ಮರುಭೂಮಿಯಲ್ಲಿ ನಮ್ಮ ಅತ್ತಿಯ ಹತ್ತಿರದ ದಾಯಾದಿ ಮರವೊಂದಿದೆ. ಅದರ ಪರಾಗವನ್ನು ಕಣಜಗಳು ಗಾಳಿಯ ಸಹಾಯದಿಂದ 160 ಕಿಲೋಮೀಟರಿನಷ್ಟು ದೂರಕ್ಕೂ ಒಯ್ದಿರುವುದನ್ನು ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಬಿದ್ದರೂ ಧೂಳೆಂದುಕೊಂಡು ಉಜ್ಜಿಬಿಡುವಂಥ ಜೀವಿಗೆ ಇದು ಇಲ್ಲಿಂದ ಮೈಸೂರು ದಾಟುವಷ್ಟು ಪ್ರಯಾಣ. ಇಷ್ಟಾದರೂ ಯಾವುದೋ ಒಂದು ಮರ ಸರಿಯಾದ ವಾರದಲ್ಲಿ ಕಾಯಿ ಬಿಟ್ಟಿರಲೇಬೇಕು. ಆದ್ದರಿಂದ ಅತ್ತಿಯ ಬದುಕು ಒಂದು ಮರದಲ್ಲಿ ನಡೆಯುವಂಥದ್ದಲ್ಲ. ಒಂದು ಪ್ರದೇಶದ ಹತ್ತಾರು ಮರಗಳು ಬೇರೆಬೇರೆ ವೇಳೆಗೆ ಕಾಯಿ ಬಿಟ್ಟು ಸರದಿಯನ್ನು ಮುರಿಯದೆ ಕಾಪಾಡಿದರೆ ಮಾತ್ರ ಕಣಜವೂ ಉಳಿಯುತ್ತದೆ, ಮರದ ಸಂತತಿಯೂ ಉಳಿಯುತ್ತದೆ.

ಸರದಿ ಎಂದ ಕೂಡಲೇ ಬೆಂಗಳೂರಿನಲ್ಲಿ ಕ್ರುಂಬಿಗಲ್ ನೆನಪಾಗದೆ ಇರುವುದಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತ ಆ ಜರ್ಮನ್ ತೋಟಗಾರಿಕೆ ತಜ್ಞರು, ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿ ಅರಳುವಂತೆ ರಸ್ತೆ ಬದಿಯ ಮರಗಳನ್ನು ಆರಿಸಿದರು. ಜಕರಂಡ, ಗುಲ್‌ಮೊಹರ್‌ಗಳ ಆ ಏರ್ಪಾಡು ನಮ್ಮ ಕಣ್ಣಿಗಾಗಿ ಮಾಡಿದ್ದು, ಅದರಲ್ಲಿ ತಪ್ಪೇನೂ ಇಲ್ಲ. ಮಾರ್ಚಿಯಲ್ಲಿ ಈ ಊರನ್ನು ಕ್ಷಮಿಸಲು ನನಗೂ ಅದೇ ಕಾರಣ. ಅತ್ತಿಯಾದರೋ ಯಾವ ಮೇಲ್ವಿಚಾರಕನ ಅಪ್ಪಣೆಯೂ ಇಲ್ಲದೆ, ತನ್ನದೇ ಜಾತಿಯ ಮರಗಳ ನಡುವೆ, ಧೂಳಿನಷ್ಟು ಗಾತ್ರದ ಒಂದು ಕಣಜದ ಸಲುವಾಗಿ ಇಂಥದೇ ಸರದಿಯನ್ನು ನಡೆಸಿಕೊಂಡು ಬಂದಿದೆ.

ಈ ಸಂಸಾರದಲ್ಲಿ ಕರೆಯದೆ ಬಂದವರೇ ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ಸಂಗಡಿಗರು ಅತ್ತಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಪರಾಗ ತರುವ ಕಣಜವಲ್ಲದೆ, ಪರಾಗದ ಗೊಡವೆಯೇ ಇಲ್ಲದ ಐದಾರು ಬಗೆಯ ಕಣಜಗಳು ಕಾಯಿಯ ಹೊರಗೆ ಕುಳಿತು ಸೂಜಿಯಂಥ ಉದ್ದನೆಯ ಅಂಗವನ್ನು ಗೋಡೆಯ ಮೂಲಕ ಇಳಿಸಿ ಮೊಟ್ಟೆಯಿಡುತ್ತವೆ. ಕೆಲವು ಪುಕ್ಕಟೆ ಊಟಕ್ಕೆ ಬಂದವು, ಕೆಲವು ಇತರರ ಮರಿಗಳನ್ನೇ ತಿನ್ನುವವು. ಗಟ್ಟಿ ಗೋಡೆಯನ್ನು ಕೊರೆಯಬೇಕಾದ ಒಂದು ಜಾತಿಯ ಸೂಜಿಯ ಮೊನೆಯಲ್ಲಿ ಸತುವಿನ ಅಂಶ ಕೂಡಿ ಅದು ಗಡುಸಾಗಿರುವುದನ್ನು ಅಲ್ಲಿಯೇ ಕಂಡುಹಿಡಿದದ್ದು. ಹೀಗೆ ಹೊರಗೆ ಕುಳಿತು ಕೊರೆಯುವವು ಮರದ ಮೇಲೆ ಓಡಾಡುವ ಇರುವೆಗಳಿಗೆ ಸುಲಭದ ತುತ್ತು. ಮಲೆನಾಡಿನವರು ಚಟ್ನಿ ಮಾಡುವ ಚಗಳಿಯೂ ಈ ಕಾವಲುಗಾರರಲ್ಲಿ ಒಂದು. ಇನ್ನು ಬರಿಗಣ್ಣಿಗೆ ಕಾಣದ ದುಂಡುಹುಳುಗಳು ಕಣಜದ ಮೈಯೇರಿ ಮುಂದಿನ ಮರಕ್ಕೆ ಹೋಗುತ್ತವೆ. ಮೆಜೆಸ್ಟಿಕ್‌ನಲ್ಲಿ ನಿಂತು ಬರುವ ಬಸ್ಸನ್ನು ಅಳೆಯುವ ಪ್ರಯಾಣಿಕನಂತೆ ಅವೂ ಹತ್ತುವ ಮುನ್ನ ಪರೀಕ್ಷಿಸಿ, ತಮ್ಮವರೇ ತುಂಬಿಕೊಂಡಿರುವ ಕಣಜವನ್ನು ಬಿಟ್ಟುಬಿಡುತ್ತವೆಯಂತೆ. ಹೊರೆ ಹೆಚ್ಚಾದರೆ ಕಣಜ ಗುರಿ ಮುಟ್ಟುವುದಿಲ್ಲ, ಕಣಜ ಮುಟ್ಟದಿದ್ದರೆ ಸವಾರರೂ ಮುಟ್ಟುವುದಿಲ್ಲ.

ಹಣ್ಣು ಕೆಂಪಾದ ಮೇಲೆ ಬರುವವರನ್ನು ನಾವೆಲ್ಲ ಬಲ್ಲೆವು: ಕುಟ್ರುಹಕ್ಕಿ, ಗೊರವಂಕ, ಅಳಿಲು, ರಾತ್ರಿಯ ಬಾವಲಿ. ಇವರಲ್ಲಿ ಕೋಗಿಲೆಯ ಲೆಕ್ಕಾಚಾರವೇ ವಿಚಿತ್ರ. ಬೆಳೆದ ಕೋಗಿಲೆಗೆ ಹಣ್ಣೇ ಮುಖ್ಯ ಆಹಾರ, ಅದರ ಮರಿಗೆ ಸಾಕುತಾಯಿ ಕಾಗೆ. ನಮ್ಮ ಕಸವನ್ನು ನೆಚ್ಚಿ ಕಾಗೆಯೂ, ಕಣಜವನ್ನು ನೆಚ್ಚಿ ಅತ್ತಿಯೂ ಬದುಕುತ್ತಿರುವ ಊರಿನಲ್ಲಿ, ಇಬ್ಬರನ್ನೂ ನೆಚ್ಚಿ ಕೋಗಿಲೆ ಹಾಡುತ್ತಿದೆ. ಕಸ ತೆಗೆಯದ ನಮ್ಮ ಸೋಮಾರಿತನಕ್ಕೂ ವಸಂತದ ಪಂಚಮ ಸ್ವರಕ್ಕೂ ಇಂಥ ನಂಟಿದೆಯೆಂದು ಕವಿಗಳು ಎಣಿಸಿರಲಾರರು.

ರಸ್ತೆ ಅಗಲ ಮಾಡಲು ಮರ ಕಡಿದಾಗ ಒಂದಕ್ಕೆ ಹತ್ತು ಸಸಿ ನೆಡುತ್ತೇವೆಂದು ಹೇಳುವುದು ವಾಡಿಕೆ. ಕಾಗದದಲ್ಲಿ ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಕಡಿದ ಅತ್ತಿ ಯಾವ ತಿಂಗಳಲ್ಲಿ ಕಾಯಿ ಬಿಡುತ್ತಿತ್ತು, ಆ ತಿಂಗಳಲ್ಲಿ ಸುತ್ತಮುತ್ತ ಬೇರೆ ಯಾವ ಮರವಿದೆ ಎಂಬುದಕ್ಕೆ ಆ ಕಾಗದದಲ್ಲಿ ಅಂಕಣವಿಲ್ಲ. ಸಾಲಾಗಿ ನೆಟ್ಟ ಹತ್ತು ಹೊಂಗೆ ಸಸಿಗಳಿಂದ ಒಂದು ಅತ್ತಿ ಕಣಜಕ್ಕೂ ಮನೆ ಸಿಗುವುದಿಲ್ಲ. ಹೊಂಗೆಯ ನೆರಳು ಒಳ್ಳೆಯದು, ಅದು ಬೇರೆ ಮಾತು.

ಅತ್ತಿಯನ್ನು ರಸ್ತೆ ಬದಿಯಲ್ಲಿ ಬೇಕೆಂದು ನೆಡುವವರು ಕಡಿಮೆ. ಹಕ್ಕಿಯ ಹಿಕ್ಕೆಯಲ್ಲೋ ಬಾವಲಿಯ ಎಂಜಲಿನಲ್ಲೋ ಬಿದ್ದ ಬೀಜ ರಾಜಕಾಲುವೆಯ ಕಲ್ಲುಸಂದಿಯಲ್ಲಿ, ಹಳೆಯ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ತಾನೇ ಮೊಳೆಯುತ್ತದೆ. ನೀರಿನ ಪಸೆ ಇರುವ ಕಡೆ ಅತ್ತಿಗೆ ಬಲು ಇಷ್ಟ, ಬೆಂಗಳೂರಿನ ಮೋರಿಗಳಲ್ಲಿ ಪಸೆಗೆ ಬರವಿಲ್ಲ. ಗೋಡೆ ಸೀಳುತ್ತದೆಂದು ಹೆಚ್ಚಿನವನ್ನು ಕಿತ್ತುಹಾಕುತ್ತಾರೆ, ಅದು ಸಹಜವೇ. ಯಾರ ಜಾಗವೆಂದು ತೀರ್ಮಾನವಾಗದ ಮೂಲೆಗಳಲ್ಲಿ ಕೆಲವು ಉಳಿದು ಮರವಾಗುತ್ತವೆ. ಅವು ಮೊದಲ ಬಾರಿ ಎಳೆಗಾಯಿ ಬಿಟ್ಟ ವಾರದಲ್ಲಿ, ಎಲ್ಲಿಂದಲೋ, ಬಹುಶಃ ನಮ್ಮ ಬೀದಿಯಿಂದಲೇ, ಕಣಜಗಳು ಬಂದು ಸೇರಿಕೊಳ್ಳುತ್ತವೆ.